ಒಂದೇ ಸ್ನಾಯು, ಎರಡು ವಂಶಾವಳಿ

2017ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಜಮೈಕಾದ ಉಸೇನ್ ಬೋಲ್ಟ್ ಅವರ ವಿದಾಯದ ಕೂಟವಾಗಿತ್ತು. 4×100 ಮೀಟರ್ ರಿಲೇ ಫೈನಲ್‌ನಲ್ಲಿ ಕೊನೆಯ ಓಟಗಾರನಾಗಿ ಬ್ಯಾಟನ್ ಪಡೆದ ಅವರು ಕೆಲವೇ ಹೆಜ್ಜೆಗಳಲ್ಲಿ ಕುಂಟಿ ನೆಲಕ್ಕುರುಳಿದರು. ಹರಿದದ್ದು ಎಡ ತೊಡೆಯ ಹಿಂಭಾಗದ 'ಬೈಸೆಪ್ಸ್ ಫೆಮೋರಿಸ್', ಅಂದರೆ ತೊಡೆಯ ದ್ವಿಶಿರ ಸ್ನಾಯು. ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯಲಾಗುವ ಗುಂಪಿಗೆ ಸೇರಿದ ಸ್ನಾಯು ಇದು.

ಹೆಸರೇ ಸೂಚಿಸುವಂತೆ ಇದಕ್ಕೆ ಎರಡು ತಲೆಗಳಿವೆ. ಉದ್ದನೆಯ ತಲೆ ನಾವು ಕುಳಿತಾಗ ಭಾರ ಹೊರುವ ಸೊಂಟದ ಮೂಳೆಯಿಂದ ಹೊರಟರೆ, ಗಿಡ್ಡ ತಲೆ ತೊಡೆಮೂಳೆಯ ಹಿಂಬದಿಯಿಂದಲೇ ಹುಟ್ಟುತ್ತದೆ. ಎರಡೂ ಕೂಡಿ ಮಂಡಿಯ ಹೊರಬದಿಯಲ್ಲಿ ಫಿಬುಲಾ ಮೂಳೆಗೆ ಅಂಟಿಕೊಳ್ಳುತ್ತವೆ.

ಹೊರನೋಟಕ್ಕೆ ಒಂದಾಗಿ ಕಂಡರೂ ಇವೆರಡರ ಮೂಲ ಬೇರೆ. ಇದಕ್ಕೆ ಸಾಕ್ಷಿ ನರಗಳು. ಭ್ರೂಣದಲ್ಲಿ ಕಾಲು ರೂಪುಗೊಳ್ಳುವಾಗ ಸ್ನಾಯುರಾಶಿ ಎರಡು ಪದರಗಳಾಗುತ್ತದೆ. ಪ್ರತಿ ಪದರಕ್ಕೂ ಪ್ರತ್ಯೇಕ ನರಗಳಿರುತ್ತವೆ. ಉದ್ದ ತಲೆಗೆ ಸಯಾಟಿಕ್ ನರದ ಟಿಬಿಯಲ್ ಕವಲು ಬಂದರೆ, ಗಿಡ್ಡ ತಲೆಗೆ ಪೆರೋನಿಯಲ್ ಕವಲು ಬರುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೂ ಇದೇ ಕವಲೇ ಆಧಾರ. ಅಂದರೆ ಗಿಡ್ಡ ತಲೆ ವಾಸಿಸುವುದು ಒಂದು ಮನೆಯಲ್ಲಿ, ನೆಂಟಸ್ತಿಕೆ ಇನ್ನೊಂದು ಮನೆಯೊಂದಿಗೆ! ಅನೇಕ ಕೋತಿಗಳಲ್ಲಿ ಈ ತಲೆಯೇ ಇಲ್ಲ. ವಾನರ ಮತ್ತು ಮಾನವರಲ್ಲಿದೆ.

ಇದು ಕೇವಲ ಕುತೂಹಲದ ಸಂಗತಿಯಲ್ಲ. ಪಾದ ಎತ್ತಲಾಗದೆ ಬರುವ ರೋಗಿಯಲ್ಲಿ ನರಕ್ಕೆ ಪೆಟ್ಟಾಗಿರುವುದು ಮಂಡಿಯ ಬಳಿಯೋ, ಅದಕ್ಕಿಂತ ಮೇಲೋ ಎಂಬುದನ್ನು ಪತ್ತೆಹಚ್ಚಲು ವೈದ್ಯರು ಗಿಡ್ಡ ತಲೆಯ ವಿದ್ಯುತ್ ಚಟುವಟಿಕೆಯನ್ನು ಪರೀಕ್ಷಿಸುತ್ತಾರೆ. ಅದೂ ದುರ್ಬಲವಾಗಿದ್ದರೆ ತೊಂದರೆ ಮಂಡಿಗಿಂತ ಮೇಲಿದೆ ಎಂದರ್ಥ.

ಉದ್ದ ತಲೆಯ ಕಥೆ ನಮ್ಮ ನಡಿಗೆಯ ಕಥೆ. ಮರವೇರುವ ವಾನರರಲ್ಲಿ ಅದು ಹುಟ್ಟುವ ಮೂಳೆ ಉದ್ದ. ಅದರಿಂದ ಏರಲು ಬಲ ಹೆಚ್ಚು, ಆದರೆ ಕಾಲನ್ನು ನೇರವಾಗಿ ಹಿಂದಕ್ಕೆ ಚಾಚುವುದು ಕಷ್ಟ. ಸುಮಾರು 44 ಲಕ್ಷ ವರ್ಷ ಹಿಂದಿನ ಇಥಿಯೋಪಿಯಾದ ಆರ್ಡಿಪಿತೆಕಸ್‌ನಲ್ಲಿಯೂ ಈ ಮೂಳೆ ಉದ್ದವಾಗಿಯೇ ಇತ್ತು. ಎರಡೇ ಕಾಲಿನ ನಡಿಗೆ ಪಳಗಿದಂತೆ ಅದು ಗಿಡ್ಡವಾಯಿತು.

ಇಂದಿಗೂ ಉದ್ದ ತಲೆ ಸೊಂಟ, ಮಂಡಿ ಎರಡನ್ನೂ ದಾಟಿ ಹೋಗುತ್ತದೆ. ವೇಗದ ಓಟದಲ್ಲಿ ಮುಂದೆ ಚಾಚಿದ ಪಾದ ನೆಲ ಮುಟ್ಟುವ ಮುನ್ನ ಅದು ಹಿಗ್ಗುತ್ತಲೇ ಕಾಲಿಗೆ ಕಡಿವಾಣ ಹಾಕಬೇಕು. ಹ್ಯಾಮ್‌ಸ್ಟ್ರಿಂಗ್ ಗಾಯಗಳಲ್ಲಿ ಹೆಚ್ಚಿನವು ಇಲ್ಲಿಯೇ ಆಗುವುದು ಇದರಿಂದಾಗಿ. ಹಿಗ್ಗುತ್ತಲೇ ಬಲ ಪ್ರಯೋಗಿಸುವಂತೆ ಈ ಸ್ನಾಯುವನ್ನು ಪಳಗಿಸುವ ವ್ಯಾಯಾಮಗಳು ಗಾಯದ ಸಾಧ್ಯತೆಯನ್ನು ತಗ್ಗಿಸುತ್ತವೆ. ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಭಾನುವಾರ ಮೈದಾನಕ್ಕಿಳಿಯುವವರು ಇದನ್ನು ನೆನಪಿಡುವುದು ಒಳಿತು.