ಚಂದ್ರನಿಂದ ಬಂದ ಸಾಮಾನು, ಬಾರದ ಸಾಮಾನು

೧೯೬೯ರ ಜುಲೈಯಿಂದ ೧೯೭೨ರ ಡಿಸೆಂಬರಿನವರೆಗೆ ಆರು ತಂಡಗಳಲ್ಲಿ ಹನ್ನೆರಡು ಮಂದಿ ಚಂದ್ರನ ನೆಲವನ್ನು ತುಳಿದು ಬಂದರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಅವರು ತಂದ ೩೮೨ ಕಿಲೋಗ್ರಾಂ ಕಲ್ಲುಮಣ್ಣುಗಳ ವಿಚಾರವಾಗಿ ಬೇಕಾದಷ್ಟು ಗ್ರಂಥಗಳು ಹೊರಬಂದಿವೆ. ಆದರೆ ಚಿತ್ರ ತೆಗೆದ ಕ್ಯಾಮೆರಾ ಎಲ್ಲಿದೆ? ಮಣ್ಣು ತುಂಬಿದ ಚೀಲ ಯಾರ ಕೈ ಸೇರಿತು? ತೋಳಿಗೆ ಕಟ್ಟಿದ್ದ ಗಡಿಯಾರ ಏನಾಯಿತು? ಹೀಗೆ ಹುಡುಕಹೊರಟರೆ ವಿಚಿತ್ರವೊಂದು ಕಾಣುವುದು. ಚಂದ್ರನ ನೆಲದ ಮೇಲೆಯೇ ಬಿಟ್ಟುಬಂದ ದೊಡ್ಡ ವಸ್ತುಗಳ ಸ್ಥಾನವನ್ನು ನಾವು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲೆವು. ಜೋಪಾನವಾಗಿ ಭೂಮಿಗೆ ಹೊತ್ತು ತಂದವುಗಳಲ್ಲಿಯೇ ಕೆಲವು ಕಣ್ಮರೆಯಾದುವು.

ಬಿಟ್ಟುಬರಲು ಕಾರಣ ಭಾರ. ಚಂದ್ರನೌಕೆಯಲ್ಲಿ ಇಳಿಯುವ ಕೆಳಭಾಗ, ಏರುವ ಮೇಲ್ಭಾಗ ಎಂದು ಎರಡು ಅಂಗಗಳಿದ್ದುವು. ಕೆಳಭಾಗವನ್ನು ಪೀಠವಾಗಿ ಅಲ್ಲಿಯೇ ಬಿಟ್ಟು ಮೇಲ್ಭಾಗವೊಂದೇ ನೆಗೆಯತಕ್ಕದ್ದು. ಚಂದ್ರನನ್ನು ಸುತ್ತಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು ೧.೭ ಕಿಲೋಮೀಟರಿನ ವೇಗ ಬರಬೇಕು. ಆದುದರಿಂದ ಹೊರಡುವಾಗ ಅದರ ದ್ರವ್ಯರಾಶಿಯ ಹೆಚ್ಚುಕಡಮೆ ಅರ್ಧದಷ್ಟು ಇಂಧನ ಮತ್ತು ಅದನ್ನು ಉರಿಸುವ ದ್ರವವೇ ಆಗಿತ್ತು. ಒಂದು ಕಿಲೋಗ್ರಾಂ ಕಬ್ಬಿಣವನ್ನು ಹೇರಿದರೆ ಒಂದು ಕಿಲೋಗ್ರಾಂ ಕಲ್ಲನ್ನು ಇಳಿಸಬೇಕಾದ ಸ್ಥಿತಿ. ಕಲ್ಲೇ ಗೆದ್ದಿತು. ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳಿಂದ ಫಿಲ್ಮಿನ ಪೆಟ್ಟಿಗೆಗಳನ್ನು ಮಾತ್ರ ಕಳಚಿಕೊಂಡು, ಹೆಚ್ಚಿನ ಕ್ಯಾಮೆರಾಗಳನ್ನು ಧೂಳಿನಲ್ಲಿಯೇ ಬಿಟ್ಟರು. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ತಮ್ಮ ಬೆನ್ನಿನ ಉಸಿರುಪೆಟ್ಟಿಗೆಗಳನ್ನು ಬಾಗಿಲಿನಿಂದ ಹೊರಕ್ಕೆಸೆದಾಗ ಅವು ನೆಲಕ್ಕೆ ಬಿದ್ದ ಸಣ್ಣ ಕಂಪನವನ್ನೂ ಅವರೇ ಸ್ಥಾಪಿಸಿದ್ದ ಭೂಕಂಪಮಾಪಕವು—ಚಂದ್ರಕಂಪಮಾಪಕವೆನ್ನುವುದು ಸರಿಯೇನೋ—ಭೂಮಿಗೆ ವರದಿ ಮಾಡಿತು!

ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಕಳ್ಳರಿಲ್ಲ. ಅಮೆರಿಕೆಯ ಚಂದ್ರ ಪರಿಶೋಧಕ ನೌಕೆಯು ೨೦೦೯ರಿಂದ ಕಳುಹಿದ ಚಿತ್ರಗಳಲ್ಲಿ ನೌಕೆಗಳ ಕೆಳಭಾಗಗಳು, ಕೊನೆಯ ಮೂರು ಯಾತ್ರೆಗಳ ಬಂಡಿಗಳು, ಯಾತ್ರಿಗಳು ನಡೆದಾಡಿದ ಕಾಲುದಾರಿ ಕೂಡ ಕಾಣುವುವು. ನಮ್ಮ ಚಂದ್ರಯಾನ-೨ರ ಕ್ಯಾಮೆರಾವೂ ೨೦೨೧ರಲ್ಲಿ ಮೊದಲ ಯಾತ್ರೆಯ ಸ್ಥಳವನ್ನು ಸೆರೆಹಿಡಿಯಿತು. ಇನ್ನು ಅಪೊಲೊ ೧೧, ೧೪, ೧೫ರವರು ನೆಟ್ಟ ಪ್ರತಿಫಲಕಗಳಂತೂ ಇಂದಿಗೂ ದುಡಿಯುತ್ತಿವೆ. ಭೂಮಿಯಿಂದ ಬಿಟ್ಟ ಲೇಸರ್ ಕಿರಣವು ಅವುಗಳಿಗೆ ತಾಗಿ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಹಿಂದಿರುಗುವುದು. ಚಂದ್ರನು ವರ್ಷಕ್ಕೆ ೩.೮ ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿರುವನೆಂಬ ಅಳತೆ ಇದರ ಫಲವೇ.

ಈಗ ಭೂಮಿಗೆ ಬರೋಣ. ಆರ್ಮ್‌ಸ್ಟ್ರಾಂಗರು ತಮ್ಮ ಗಡಿಯಾರವನ್ನು ನೌಕೆಯೊಳಗೆ ಬಿಟ್ಟು ಇಳಿದಿದ್ದರು. ಒಳಗಿನ ವಿದ್ಯುತ್ ಗಡಿಯಾರ ಕೆಟ್ಟಿತ್ತು. ಹೀಗಾಗಿ ಆ ಯಾತ್ರೆಯಲ್ಲಿ ಚಂದ್ರನ ಮೇಲೆ ನಡೆದದ್ದು ಆಲ್ಡ್ರಿನ್ನರ ಗಡಿಯಾರ. ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹುವ ದಾರಿಯಲ್ಲಿ ಅದು ಕಳೆದುಹೋಯಿತು, ಇಂದಿಗೂ ದೊರೆತಿಲ್ಲ. ಎಂಟು ಲಕ್ಷ ಕಿಲೋಮೀಟರಿನ ಪಯಣದಲ್ಲಿ ಕಳೆಯದ ವಸ್ತು ಒಂದು ದೇಶದೊಳಗಿನ ರವಾನೆಯಲ್ಲಿ ಕಳೆಯಿತು.

ಇದಕ್ಕಿಂತ ಸೋಜಿಗದ ಕಥೆ ಒಂದು ಬಿಳಿಯ ಚೀಲದ್ದು. ಆರ್ಮ್‌ಸ್ಟ್ರಾಂಗರು ಇಳಿದೊಡನೆ ಬಾಚಿದ ಮಣ್ಣನ್ನು ತಂದ ಚೀಲ ಅದು. ಮುಂದೆ ಅದು ಕ್ಯಾನ್ಸಾಸ್ ಪ್ರಾಂತದ ಸಂಗ್ರಹಾಲಯವೊಂದರ ಕಳವಿನ ಮೊಕದ್ದಮೆಯಲ್ಲಿ ಸರಕಾರದ ವಶಕ್ಕೆ ಬಂದಿತು. ಆದರೆ ಪಟ್ಟಿಯಲ್ಲಿ ಅದರ ಸಂಖ್ಯೆಯು ಅಪೊಲೊ ೧೭ರ ಬೇರೊಂದು ಚೀಲದ ಸಂಖ್ಯೆಯೊಡನೆ ಅದಲುಬದಲಾಗಿತ್ತು. ಏನೆಂದು ಅರಿಯದೆ ೨೦೧೫ರಲ್ಲಿ ಸರಕಾರವೇ ಅದನ್ನು ಹರಾಜು ಹಾಕಿತು. ಬಂದ ಬೆಲೆ ೯೯೫ ಡಾಲರು. ಕೊಂಡ ಮಹಿಳೆ ಪರೀಕ್ಷೆಗೆಂದು ನಾಸಾಕ್ಕೆ ಕಳುಹಿದರು. ಹೊಲಿಗೆಗಳಲ್ಲಿ ಚಂದ್ರಧೂಳಿ ಅಂಟಿರುವುದು ತಿಳಿಯಿತು. ತಿಳಿದೊಡನೆ ಚೀಲವನ್ನು ನಾಸಾ ಹಿಂದಕ್ಕೆ ಕೊಡಲೊಪ್ಪಲಿಲ್ಲ. ಮಾರಾಟವು ಕ್ರಮಬದ್ಧವಾಗಿಯೇ ನಡೆದಿತ್ತೆಂದು ನ್ಯಾಯಾಲಯವು ೨೦೧೬ರಲ್ಲಿ ಮಹಿಳೆಯ ಪರವಾಗಿ ತೀರ್ಪಿತ್ತಿತು. ಮರುವರ್ಷ ಅದೇ ಚೀಲ ಹದಿನೆಂಟು ಲಕ್ಷ ಡಾಲರಿಗೆ ಮಾರಿಹೋಯಿತು. ಬಟ್ಟೆ ಅದೇ, ಧೂಳು ಅದೇ. ಬದಲಾದದ್ದು ಚೀಟಿಯ ಮೇಲಿನ ಬರಹ ಮಾತ್ರ.

ಯಾತ್ರಿಗಳು ನೆನಪಿಗೆಂದು ಇಟ್ಟುಕೊಂಡ ವಸ್ತುಗಳು ಯಾರ ಸ್ವತ್ತು ಎಂಬ ಪ್ರಶ್ನೆಯೂ ಬಹುಕಾಲ ತೀರಲಿಲ್ಲ. ಅಪೊಲೊ ೧೪ರ ಎಡ್ಗರ್ ಮಿಚೆಲ್ ತಾವು ತಂದಿದ್ದ ಕ್ಯಾಮೆರಾವನ್ನು ಮಾರಲು ಹೊರಟಾಗ ೨೦೧೧ರಲ್ಲಿ ಸರಕಾರವು ಅವರ ಮೇಲೆ ದಾವೆ ಹೂಡಿತು. ಚಂದ್ರನ ಮೇಲೆ ಬಿಸುಟು ಬರಬೇಕಾಗಿದ್ದ ವಸ್ತುವಿಗೆ ನಲವತ್ತು ವರ್ಷಗಳ ತರುವಾಯ ಹಕ್ಕು ಸಾಧಿಸುವುದು ನನಗಂತೂ ನ್ಯಾಯವೆನಿಸದು. ಕ್ಯಾಮೆರಾ ಕೊನೆಗೆ ಸಂಗ್ರಹಾಲಯಕ್ಕೆ ಹೋಯಿತು. ಆದರೆ ೨೦೧೨ರಲ್ಲಿ ಬಂದ ಕಾಯಿದೆಯು ಇಂಥ ವಸ್ತುಗಳನ್ನು ಯಾತ್ರಿಗಳ ಸ್ವಂತವೆಂದು ಒಪ್ಪಿತು, ಚಂದ್ರಶಿಲೆಗಳನ್ನು ಮಾತ್ರ ಹೊರತುಪಡಿಸಿ. ಅದೇ ವರ್ಷ ಆರ್ಮ್‌ಸ್ಟ್ರಾಂಗರು ತೀರಿಕೊಂಡರು. ಬಳಿಕ ಅವರ ಪತ್ನಿಗೆ ಮನೆಯ ಬೀರುವಿನಲ್ಲಿ ಒಂದು ಚೀಲ ಸಿಕ್ಕಿತು. ಅದರೊಳಗೆ, ಚಂದ್ರನ ಮೇಲೆ ಇಳಿಯುವ ದೃಶ್ಯವನ್ನು ಕಿಟಕಿಯಿಂದ ಚಿತ್ರಿಸಿದ್ದ ಕ್ಯಾಮೆರಾ! ಮರಳುವಾಗ ಅವರು ಸಂಗಡಿಗ ಕಾಲಿನ್ಸರಿಗೆ ಅದನ್ನು ಕಸದ ಗಂಟೆಂದು ಹೇಳಿದ್ದರು.

ನೆಲದ ಮೇಲಲ್ಲದೆ ಕಕ್ಷೆಯಲ್ಲಿ ಬಿಟ್ಟ ಒಂದು ವಸ್ತುವಿನ ಲೆಕ್ಕ ಮಾತ್ರ ಇನ್ನೂ ತೀರಿಲ್ಲ. ಅದು ಮೊದಲ ಯಾತ್ರೆಯ ನೌಕೆ ‘ಈಗಲ್’ನ ಮೇಲ್ಭಾಗ. ೧೯೬೯ರಲ್ಲಿ ಅದನ್ನು ಚಂದ್ರನ ಸುತ್ತ ತಿರುಗಲು ಬಿಟ್ಟರು. ಚಂದ್ರನ ಗರ್ಭದಲ್ಲಿ ದ್ರವ್ಯವು ಒಂದೇ ಸಮನಾಗಿ ಹರಡಿಲ್ಲವಾದುದರಿಂದ ಗುರುತ್ವಾಕರ್ಷಣವು ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸಗೊಂಡು ಕಕ್ಷೆಯನ್ನು ಕೆಡಿಸುವುದು. ಈಗಲ್ ಕೆಲಕಾಲದಲ್ಲಿಯೇ ಉರುಳಿರಬೇಕೆಂದು ಎಲ್ಲರೂ ನಂಬಿದ್ದರು. ಆದರೆ ೨೦೨೧ರಲ್ಲಿ ಹೊಸ ಗುರುತ್ವ ನಕ್ಷೆಯನ್ನು ಆಧರಿಸಿ ಮಾಡಿದ ಗಣನೆಯು, ಅದರ ಕಕ್ಷೆ ಸ್ವಲ್ಪ ಹಿಗ್ಗುತ್ತ ಕುಗ್ಗುತ್ತ ಸ್ಥಿರವಾಗಿಯೇ ಉಳಿದಿರಬಹುದೆಂದು ತೋರಿಸಿತು. ಉಳಿದ ಇಂಧನ ಸ್ಫೋಟಿಸಿರದಿದ್ದರೆ ಅದು ಇಂದಿಗೂ ಅಲ್ಲಿ ಸುತ್ತುತ್ತಿರಬೇಕು.

ಹುಡುಕುವ ಉಪಾಯವೂ ಉಂಟು. ೨೦೦೯ರಲ್ಲಿ ಸಂಪರ್ಕ ಕಡಿದುಹೋದ ನಮ್ಮ ಚಂದ್ರಯಾನ-೧, ಬರಿಯ ಒಂದೂವರೆ ಮೀಟರಿನ ಘನ, ೨೦೧೬ರಲ್ಲಿ ಭೂಮಿಯ ರೇಡಾರಿಗೆ ಸಿಕ್ಕಿತು. ಅದು ಧ್ರುವಗಳ ಮೇಲೆ ಹಾದುಹೋಗುತ್ತಿದ್ದುದರಿಂದ ಅಲ್ಲಿಯೇ ಕಾದು ನೋಡಿದರು. ಈಗಲ್ ಅದಕ್ಕಿಂತ ದೊಡ್ಡದು; ಆದರೆ ಅದರ ದಾರಿ ಚಂದ್ರನ ಸಮಭಾಜಕದ ಬಳಿ. ಚಂದ್ರಬಿಂಬದ ಪಕ್ಕದ ಅಂಚಿನಾಚೆಗೆ ಅದು ತಲೆಯೆತ್ತುವ ಕೆಲವೇ ನಿಮಿಷಗಳಲ್ಲಿ ಅದರ ಪ್ರತಿಧ್ವನಿಯನ್ನು ಹಿಡಿಯಬೇಕು.