ಕೋಡ್ ಒಂದೇ, ಬಣ್ಣ ಯಾಕೆ ಬೇರೆ?

ಪ್ರಶ್ನೆ: ಡಬ್ಲಿನ್‌ನಲ್ಲಿರುವ ನಮ್ಮ ಹಳೆಯ ಸಿಲ್ವರ್ ಕಾರಿಗೆ ಬೇರೆ ಕಂಪನಿಯ ಬಂಪರ್ ಹಾಕಿಸಿದೆವು. ಕಲರ್ ಕೋಡ್ ನೋಡಿಯೇ ಪೇಂಟ್ ಹೊಡೆದರೂ ಬಣ್ಣ ಹೊಂದುತ್ತಿಲ್ಲ. ಏಕೆ?

ಉತ್ತರ: ಕೋಡ್ ಹೇಳುವುದು ಕಾರು ಹೊಸದಾಗಿದ್ದಾಗಿನ ಬಣ್ಣ. ಬಿಸಿಲು ತಿಂದ ಬಾನೆಟ್ಟಿಗೆ ಆ ಲೆಕ್ಕ ಗೊತ್ತಿಲ್ಲ. ಸಾಲದ್ದಕ್ಕೆ, ಒಂದೇ ಕೋಡಿನಲ್ಲಿ ಹಲವು ಛಾಯೆಗಳೂ ಇರುತ್ತವೆ.

ಸಿಲ್ವರ್ ಅಂತೂ ಎಲ್ಲಕ್ಕಿಂತ ತರಲೆ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗುತ್ತವೋ ಹಾಗೆ ಬೆಳಕು ಮರಳುತ್ತದೆ. ಪೇಂಟರ್ ತೆಳುವಾಗಿ, ಒಣಗಿದಂತೆ ಹೊಡೆದರೆ ತಿಳಿಯಾಗಿಯೂ, ತೇವವಾಗಿ ಹೊಡೆದರೆ ಗಾಢವಾಗಿಯೂ ಕಾಣುತ್ತದೆ. ಡಬ್ಬಿ ಒಂದೇ, ಕೈ ಬೇರೆ, ಅಷ್ಟೆ. ಅಡಿಯ ಪ್ರೈಮರ್ ಕಪ್ಪೋ ಬೂದೋ ಎಂಬುದೂ, ಮೇಲಿನ ಕೋಟ್ ತೆಳುವಾಗಿದ್ದರೆ, ಲೆಕ್ಕಕ್ಕೆ ಬರುತ್ತದೆ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಸರಿಹೊಂದಿದ ಬಣ್ಣ ಹೊರಗೆ ಬಂದಾಗ ಕೈಕೊಡುವುದೂ ಉಂಟು.

ಅದಕ್ಕೇ ಅನುಭವಿ ಪೇಂಟರ್ ಮೊದಲು ಒಂದು ಕಾರ್ಡಿಗೆ ಹೊಡೆದು, ಲ್ಯಾಕರ್ ಹಾಕಿ, ಒಣಗಿಸಿ, ಹಗಲು ಬೆಳಕಿನಲ್ಲಿ ಫೆಂಡರಿಗೆ ಹಿಡಿದು ನೋಡುತ್ತಾನೆ, ನೇರದಿಂದಲೂ ಓರೆಯಿಂದಲೂ. ಆಮೇಲೆ ಹೊಸ ಬಣ್ಣವನ್ನು ಪಕ್ಕದ ಫೆಂಡರಿನ ಮೇಲೂ ಸ್ವಲ್ಪ ಹರಡಿ ಕರಗಿಸುತ್ತಾನೆ. ಖರ್ಚು ಹೆಚ್ಚು, ಆದರೆ ನನ್ನ ಪ್ರಕಾರ ಸಿಲ್ವರಿಗೆ ಇದೊಂದೇ ದಾರಿ. ಆದರೂ ಬಂಪರ್ ಪ್ಲಾಸ್ಟಿಕ್, ಫೆಂಡರ್ ಲೋಹ; ಹಾಗಾಗಿ ಕೊಂಚ ವ್ಯತ್ಯಾಸ ಹೊಸ ಕಾರಿನಲ್ಲೂ ಇರುತ್ತದೆ, ನಾವು ಗಮನಿಸಿರುವುದಿಲ್ಲ.

ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ 1981–82ರಲ್ಲಿ ತಯಾರಾದ ಡಿಲೋರಿಯನ್ ಕಾರು ಬಣ್ಣದ ಗೊಡವೆಯೇ ಬೇಡವೆಂದು ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿತ್ತು. ಆದರೂ ಅದರ ಪ್ಲಾಸ್ಟಿಕ್ ಬಂಪರುಗಳಿಗೆ ಸ್ಟೀಲಿಗೆ ಹೊಂದುವ ಬೂದು ಬಣ್ಣ ಹೊಡೆಯಲೇಬೇಕಾಯಿತು!