ಪಾಠದಿಂದ ಹೊರಬಿದ್ದ ಸೀತೆಯ ಕಥೆ

ಎ. ಕೆ. ರಾಮಾನುಜನ್ ಅವರ ಹೆಸರನ್ನು ನಮ್ಮ ಸಂಘದ ಯುವಕ ಯುವತಿಯರಲ್ಲಿ ಎಷ್ಟು ಮಂದಿ ಕೇಳಿದ್ದೀರೋ ತಿಳಿಯದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಮುಂದೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದವರು. ಮನೆಮಾತು ತಮಿಳು, ಕವಿತೆ ಬರೆದದ್ದು ಕನ್ನಡ, ಇಂಗ್ಲಿಷ್ ಎರಡರಲ್ಲೂ. ಅವರ 'ಮುನ್ನೂರು ರಾಮಾಯಣಗಳು' ಎಂಬ ಇಂಗ್ಲಿಷ್ ಪ್ರಬಂಧ ನಮ್ಮ ದೆಹಲಿ ವಿಶ್ವವಿದ್ಯಾನಿಲಯದಲ್ಲೇ ಬಿ.ಎ. ಇತಿಹಾಸ ಆನರ್ಸ್ ವಿದ್ಯಾರ್ಥಿಗಳಿಗೆ ಪಠ್ಯವಾಗಿತ್ತು.

ವಾಲ್ಮೀಕಿ, ಕಂಬ, ಜೈನ ಕವಿಗಳು, ಥಾಯ್ಲೆಂಡಿನವರು ರಾಮನ ಕಥೆಯನ್ನು ಹೇಗೆ ಬೇರೆ ಬೇರೆಯಾಗಿ ಹೇಳಿದರೆಂಬುದು ಅದರ ವಸ್ತು. ಕನ್ನಡದ ಜನಪದ ರಾಮಾಯಣವೂ ಅದರಲ್ಲಿದೆ. ಇದರಲ್ಲಿ ರಾವಣನ ಹೆಸರು ರಾವುಳ. ಮಕ್ಕಳಿಲ್ಲದ ಆತ ಶಿವ ಕೊಟ್ಟ ಮಾವಿನ ಹಣ್ಣನ್ನು ತಾನೇ ತಿಂದು, ಹೆಂಡತಿಗೆ ಬರೀ ಗೊರಟೆ ಚೀಪಲು ಕೊಡುತ್ತಾನೆ. ಗರ್ಭ ನಿಲ್ಲುವುದು ಅವನಿಗೇ! ದಿನಕ್ಕೊಂದು ತಿಂಗಳಿನಂತೆ ಬೆಳೆದು, ಒಂಬತ್ತನೆಯ ದಿನ ಸೀನಿದಾಗ ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಸೀನಿದ ಎನ್ನಲು ಹಳ್ಳಿಯ ಮಾತು 'ಸೀತ'. ಮನೆಯಲ್ಲಿ ಕನ್ನಡವಾಡುವ ನಿಮಗೆ ಈ ಚಮತ್ಕಾರ ಬೇಗ ಹೊಳೆದೀತು. ಉಳಿದವರಿಗೆ ಅಧ್ಯಾಪಕರು ಬಿಡಿಸಿ ಹೇಳಬೇಕು. ಅದಕ್ಕೇ ಅಲ್ಲವೇ ಅವರಿರುವುದು?

2008ರಲ್ಲಿ, ಧಾರ್ಮಿಕ ಭಾವನೆಗೆ ನೋವಾಯಿತೆಂದು ವಿದ್ಯಾರ್ಥಿ ಸಂಘಟನೆಯೊಂದರ ಕಾರ್ಯಕರ್ತರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಾಲ್ವರು ತಜ್ಞರ ಸಮಿತಿಯಲ್ಲಿ ಮೂವರು ಪ್ರಬಂಧದ ಪರವಾಗಿದ್ದರು. ಆದರೂ 2011ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾನಿಲಯದ ಅಕಾಡೆಮಿಕ್ ಕೌನ್ಸಿಲ್ ಅದನ್ನು ಪಠ್ಯದಿಂದ ಕೈಬಿಟ್ಟಿತು. ತಜ್ಞರನ್ನು ಕೇಳಿದ್ದಾದರೂ ಏಕೋ!

ನೋವಾದವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾಮನ ಪಟಕ್ಕೆ ದಿನವೂ ದೀಪ ಹಚ್ಚುವವಳು ನಾನು. ಆದರೆ ಆ ನೋವನ್ನು ತರಗತಿಯಲ್ಲೇ ಎದ್ದು ನಿಂತು ಹೇಳಬಹುದಿತ್ತು. ಅಧ್ಯಾಪಕರು ಉತ್ತರ ಕೊಡಲೇಬೇಕಾಗುತ್ತಿತ್ತು, ಪಕ್ಕದ ಬೆಂಚಿನವರು ಒಪ್ಪದೆ ಇನ್ನೊಂದು ಮಾತು ತೆಗೆಯುತ್ತಿದ್ದರು. ಪ್ರಬಂಧವೇನೋ ರಾಮಾನುಜನ್ ಅವರ ಪ್ರಬಂಧ ಸಂಗ್ರಹದಲ್ಲಿ ಓದಲು ಸಿಗುತ್ತದೆ. ವಿದ್ಯಾರ್ಥಿಗಳ ಕೈತಪ್ಪಿದ್ದು ಆ ವಾದ.

"ಆಂಟಿ, ನಮಗೆ ಬೇಕಾದದ್ದು ಕ್ಯಾಂಪಸ್ ಇಂಟರ್‌ವ್ಯೂ" ಎನ್ನುತ್ತೀರಿ. ಆಗಲಿ, ಅದೂ ಬೇಕು. ಆದರೆ ಕೆಲಸಕ್ಕೆ ಸೇರಿದ ಮೇಲೆ ಇಂಥ ವಾದಕ್ಕೆ ಸಂಬಳ ಕೊಟ್ಟು ಯಾರು ಬಿಡುವು ಮಾಡಿಕೊಟ್ಟಾರು? ಮೂರು ವರ್ಷ ಅದಕ್ಕೆಂದೇ ಜಾಗ, ಗ್ರಂಥಾಲಯ, ತಿಳಿದ ಗುರುಗಳು ಸಿಕ್ಕಿರುವಾಗ, ಯಾವುದನ್ನು ಓದಬೇಕೆಂಬುದನ್ನು ಗಲಾಟೆ ಮಾಡುವವರು ತೀರ್ಮಾನಿಸುವುದು ನನಗೆ ಸರಿಕಾಣದು.

ಪುಸ್ತಕದ ಒಂದು ಪ್ರತಿಯನ್ನು ಸಂಘದ ಗ್ರಂಥಾಲಯಕ್ಕೆ ತರಿಸಿರೆಂದು ಕಾರ್ಯದರ್ಶಿಗಳನ್ನು ಕೇಳಿದ್ದೇನೆ. ಓದಿ ನೋಡಿ. ರಾಮಾನುಜನ್ ಹೇಳಿದ್ದು ತಪ್ಪೆನಿಸಿದರೆ ಮುಂದಿನ ಸಂಚಿಕೆಗೆ ಬರೆಯಿರಿ, ಕನ್ನಡದಲ್ಲೇ.